ಮಣ್ಣು ಕಾಯ್ದ ಮನೆಗಳು

ಹಳೆಯ ನಗರವೆಂದೊಡನೆ ನಮ್ಮ ಮನಸ್ಸು ಹಂಪೆಗೋ ಬಾದಾಮಿಗೋ ಹರಿಯುತ್ತದೆ. ಬೆಳಗಾವಿಯ ನೇಕಾರರ ವಡಗಾವಿಯಲ್ಲಿ ಅವೆರಡಕ್ಕಿಂತ ಹಳೆಯ ಊರೊಂದು ನೆಲದಡಿ ಇತ್ತೆಂಬುದನ್ನು ನೆನೆಯುವವರು ಕಡಿಮೆ. 1970ರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ಅ. ಸುಂದರ ಅವರು ವಡಗಾವಿ-ಮಾಧವಪುರದಲ್ಲಿ ಉತ್ಖನನ ನಡೆಸಿ, ಶಾತವಾಹನರ ಕಾಲದ ಇಟ್ಟಿಗೆ ಕಟ್ಟಡಗಳ ಅವಶೇಷಗಳನ್ನು ಬೆಳಕಿಗೆ ತಂದರು. ಯಜ್ಞಗಳನ್ನು ಮಾಡಿದ ಕಾಶ್ಯಪಗೋತ್ರದ ಬ್ರಾಹ್ಮಣನೊಬ್ಬನನ್ನು ಹೆಸರಿಸುವ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವೂ ಅಲ್ಲಿಯದೇ.

ದೇಗುಲಗಳು ಅರಸರ ಮಾತನ್ನು ಹೇಳುತ್ತವೆ. ಒಲೆ, ಅಂಗಳ, ಬಚ್ಚಲುಗಳ ಮಾತನ್ನು ಹೇಳಬಲ್ಲುದು ಮನೆಯೊಂದೇ. ಖಾನಾಪುರ ತಾಲ್ಲೂಕಿನ ಹಲಸಿಯನ್ನು ನೋಡಿ. ಕದಂಬರ ಪಲಾಶಿಕೆ ಅದು. ಅಲ್ಲಿ ಭೂವರಾಹ ನರಸಿಂಹನ ಗುಡಿ ನಿಂತಿದೆ, ತಾಮ್ರಶಾಸನಗಳು ದೊರೆತಿವೆ. ಆದರೆ ಆ ಕಾಲದ ಪಟ್ಟಣಿಗರು ಬಾಳಿದ ಮನೆಯೊಂದೂ ನಿಂತಿಲ್ಲ. ವಡಗಾವಿಯ ಗೋಡೆಗಳ ಬೆಲೆ ಇರುವುದು ಇಲ್ಲಿ.

ಆದರೆ ಬೆಳಕಿಗೆ ಬಂದದ್ದೆಲ್ಲ ಉಳಿಯುತ್ತದೆಯೆ? ನಾನು ಸಾಹಿತ್ಯದ ಅಧ್ಯಾಪಕನಾಗಿದ್ದವನು. ಓಲೆಗರಿಯನ್ನು ಹತ್ತು ಸಲ ಓದಬಹುದು. ಅಗೆದ ಮಣ್ಣಿನ ಪದರನ್ನು ಎರಡನೆಯ ಸಲ ಓದಲಾಗದು. ನೆಲದಡಿಯಲ್ಲಿ ಎರಡು ಸಾವಿರ ವರ್ಷ ಬಾಳಿದ ಇಟ್ಟಿಗೆ, ತೆರೆದಿಟ್ಟಾಗ ಮಳೆಗೆ ನೀರು ಹೀರಿ ಬಿಸಿಲಿಗೆ ಒಣಗುತ್ತದೆ. ಒಳಗಿನ ಉಪ್ಪು ಹರಳುಗಟ್ಟಿ ಮೈಯನ್ನು ಪುಡಿಮಾಡುತ್ತದೆ. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 50 ಅಂಗುಲ ಮಳೆ. ಖಾನಾಪುರದ ಕಾಡಿನತ್ತ ಸಾಗಿದಂತೆ ಇನ್ನೂ ಹೆಚ್ಚು.

ಸಿರಿವಂತ ದೇಶಗಳಿಗೂ ಈ ಸಂಕಟ ತಪ್ಪಿಲ್ಲ. ಕ್ರಿ.ಶ. 79ರ ಜ್ವಾಲಾಮುಖಿಯ ಬೂದಿ ಕಾಯ್ದಿದ್ದ ಇಟಲಿಯ ಪಾಂಪೇ ನಗರದಲ್ಲಿ, ಮಲ್ಲರ ಮನೆಯೆಂದು ಹೆಸರಾದ ಕಟ್ಟಡ 2010ರ ನವೆಂಬರ್ 6ರಂದು ಕುಸಿಯಿತು. ನೆನೆದ ನೆಲದ ಒತ್ತಡದ ಜೊತೆಗೆ, 20ನೆಯ ಶತಮಾನದ ದುರಸ್ತಿಯಲ್ಲಿ ಹೇರಿದ ಕಾಂಕ್ರೀಟಿನ ಭಾರವೂ ಅದಕ್ಕಿತ್ತು. ನೆರೆಯ ಹರ್ಕ್ಯುಲೇನಿಯಮ್‌ನಲ್ಲಿ 2001ರಿಂದ ಕೈಗೊಂಡ ಕೆಲಸದಲ್ಲಿ ಚಾವಣಿಗೆ, ನೀರು ಹರಿಯುವ ದಾರಿಗೆ ಮೊದಲ ಗಮನ ಸಂದಿತು. ರೋಮನ್ನರ ಚರಂಡಿಗಳೇ ಮತ್ತೆ ಉಪಯೋಗಕ್ಕೆ ಬಂದವು.

ನಾವು ಕಲಿಯಬೇಕಾದ ಪಾಠ ಸರಳ. ಸದಾ ನೋಡಿಕೊಳ್ಳಲಾಗದ ಮನೆಯನ್ನು ಅಳೆದು, ಚಿತ್ರಿಸಿ, ಮತ್ತೆ ಮಣ್ಣಿನಿಂದ ಮುಚ್ಚಬೇಕು. ತೆರೆದಿಡುವುದಾದರೆ ಮೊದಲು ಮಾಡು, ನೀರಿಗೆ ಹಾದಿ. ಸಿಮೆಂಟಿನ ಬದಲು ಸುಣ್ಣದ ಗಾರೆ. ಹಳೆಯದಕ್ಕೆ ಹೊಂದುವ ಮೆದು ಇಟ್ಟಿಗೆ. ಮಣ್ಣಿನ ಹದ ಬಲ್ಲ ಕುಂಬಾರರೂ ಹೆಂಚಿನ ಕಸುಬಿನವರೂ ಖಾನಾಪುರದಲ್ಲೇ ಇದ್ದಾರೆ, ದೂರ ಹೋಗಬೇಕಿಲ್ಲ.

ಊರು ಬೆಳೆಯಲಿ, ಬೇಡವೆನ್ನುವವನಲ್ಲ ನಾನು. ಆದರೆ ಪಾಯ ತೋಡುವ ಮುನ್ನ ಆ ನೆಲದಲ್ಲಿ ಹಿಂದೆ ಯಾರ ಮನೆಯಿತ್ತೆಂದು ಕೇಳುವ ಸೌಜನ್ಯ ನಮ್ಮಲ್ಲಿರಲಿ.