ಗೂಡಿನ ಪೇಟೆಯಲ್ಲಿ ಒಂದು ಬೆಳಗು



ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಇತಿಹಾಸದ ಪಾಠ ಹೇಳಿದೆ. ಅಷ್ಟು ವರ್ಷಗಳಲ್ಲಿ ಆ ಪಟ್ಟಣದ ರೇಷ್ಮೆಗೂಡಿನ ಮಾರುಕಟ್ಟೆಯೊಳಗೆ ಹರಾಜಿನ ಸಮಯದಲ್ಲಿ ಒಮ್ಮೆಯೂ ಕಾಲಿಡಲಿಲ್ಲವೆಂದರೆ ನಿಮಗೆ ಆಶ್ಚರ್ಯವಾದೀತು. ಕಾರಣ ಸರಳವಾದುದು. ಹರಾಜಿನ ಹೊತ್ತೂ ಶಾಲೆಯ ಹೊತ್ತೂ ಒಂದೇ. ನಿವೃತ್ತನಾಗಿ ಇಷ್ಟು ಕಾಲವಾದ ಮೇಲೆ, ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಬಸ್ಸು ಹಿಡಿದು ಹೊರಟೆ. ಆ ದಿನ ಕಂಡದ್ದನ್ನೂ, ಅದರ ಹಿಂದಿನ ಇತಿಹಾಸವನ್ನೂ, ಕೊನೆಗೆ ನನ್ನದೇ ಒಂದು ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮಾರುಕಟ್ಟೆಯನ್ನು ಕಣ್ಣಿಗಿಂತ ಮೊದಲು ಮೂಗು ಗುರುತಿಸುತ್ತದೆ. ಗೂಡಿನೊಳಗಿನ ಹುಳುವಿನ ಆ ಹಸಿ ವಾಸನೆ ಹೊಸಬರಿಗೆ ಸಹಿಸುವುದು ಕಷ್ಟ. ಊರಿನವರಿಗೆ ಅದು ಅನ್ನದ ವಾಸನೆ. ಒಳಗೆ ಉದ್ದಕ್ಕೂ ಸಾಲುಸಾಲಾಗಿ ಜಾಲರಿಗಳು, ಅವುಗಳ ತುಂಬ ಹರಡಿದ ಗೂಡುಗಳು. ಮಿಶ್ರತಳಿಯವು ನಸುಹಳದಿ, ದ್ವಿತಳಿಯವು ಹಾಲಿನಂತೆ ಬಿಳುಪು. ಕೊಳ್ಳುವವರು ಒಂದು ಹಿಡಿ ಎತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಬೆರಳಿನಿಂದ ಒತ್ತಿ ನೋಡುತ್ತಾರೆ. ಜಾಲರಿಯ ಬದಿಯಲ್ಲಿ ನಿಂತ ರೈತ ಗೂಡನ್ನು ನೋಡುವುದಿಲ್ಲ, ಕೊಳ್ಳುವವನ ಮುಖವನ್ನು ನೋಡುತ್ತಾನೆ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಮಾತಿನಲ್ಲಿ ಬೆರೆತು ಹೋಗುತ್ತವೆ. ಗೂಡು ಬೆಳೆಯುವವರು ಸುತ್ತಲಿನ ಒಕ್ಕಲು ಮಕ್ಕಳು. ನೂಲು ಬಿಚ್ಚುವವರಲ್ಲಿ ಬಹಳ ಮಂದಿ ಮುಸಲ್ಮಾನರು. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಬದುಕಿಲ್ಲ. ರಾಜ್ಯದಲ್ಲಿ ರಾಮನಗರದ ನಂತರ ದೊಡ್ಡ ಗೂಡಿನ ಮಾರುಕಟ್ಟೆ ಎಂಬ ಹೆಸರು ಈ ಸಣ್ಣ ಪಟ್ಟಣಕ್ಕೆ ಉಂಟು.

ಈ ಊರು ಹುಟ್ಟಿದ್ದು ರೇಷ್ಮೆಯಿಂದಲ್ಲ. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರರು ಕಟ್ಟಿದ ಊರಿದು. ಗೌಡನ ಕೆರೆ, ಅಮ್ಮನ ಕೆರೆ ಎಂಬ ಹೆಸರುಗಳು ಆ ಕಾಲವನ್ನು ನೆನಪಿಸುತ್ತವೆ. ನಮ್ಮ ಸೀಮೆಯಲ್ಲಿ ಜೀವನದಿ ಇಲ್ಲ. ಕೆರೆ ತುಂಬಿದ ವರ್ಷ ಅನ್ನ, ತುಂಬದ ವರ್ಷ ರಾಗಿ, ಅದೂ ಕೈಕೊಟ್ಟರೆ ಗುಳೆ. ನೆರೆಯ ಚಿಂತಾಮಣಿ ವ್ಯಾಪಾರದ ಊರು. ಮರಾಠಾ ನಾಯಕ ಚಿಂತಾಮಣಿರಾಯನ ಹೆಸರು ಹೊತ್ತ ಆ ಪೇಟೆಯಲ್ಲಿ ಕೋಮಟಿ ವರ್ತಕರು ಚಿನ್ನ ಬೆಳ್ಳಿಯ ವಹಿವಾಟು ನಡೆಸುತ್ತಿದ್ದರು. ನಂದಿಯಲ್ಲಿ ಶಿವರಾತ್ರಿಗೆ ದನಗಳ ಜಾತ್ರೆ. ಆ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ನಡೆಯುತ್ತಿದ್ದ ಬಗೆಯನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ದಲ್ಲಾಳಿ ಟವಲಿನ ಮರೆಯಲ್ಲಿ ಕೈಹಾಕಿ ಬೆರಳು ಹಿಡಿಯುತ್ತಾನೆ; ಎಷ್ಟು ಬೆರಳು ಹಿಡಿದನೋ ಅಷ್ಟು ಬೆಲೆ. ಪಕ್ಕದಲ್ಲಿ ನಿಂತವನಿಗೂ ತಿಳಿಯದು. ಬೆಲೆ ಎಂಬುದು ಬಟ್ಟೆಯ ಕೆಳಗಿನ ಗುಟ್ಟು.

ಎತ್ತಿನ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಎತ್ತನ್ನು ಮನೆಗೆ ಹೊಡೆದುಕೊಂಡು ಹೋಗಬಹುದು. ರಾಗಿಯನ್ನು ಹಗೇವಿನಲ್ಲಿ ಹಾಕಿ ಮುಚ್ಚಿದರೆ ವರ್ಷಗಟ್ಟಲೆ ಕೆಡದು. ರೇಷ್ಮೆಗೂಡಿನ ವಿಚಾರ ಹಾಗಲ್ಲ. ಚಾಕಿಯಿಂದ ಹಿಡಿದು ನಾಲ್ಕು ಜ್ವರ ದಾಟಿಸಿ, ಇಪ್ಪತ್ತೈದಕ್ಕೂ ಮೇಲ್ಪಟ್ಟ ದಿನ ಹಗಲಿರುಳು ಸೊಪ್ಪು ಕೊಟ್ಟು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿದ ಮೇಲೆ ರೈತನ ಕೈಯಲ್ಲಿ ಉಳಿಯುವುದು ಕೆಲವೇ ದಿನ. ಅಷ್ಟರಲ್ಲಿ ಮಾರಿ, ಒಳಗಿನ ಹುಳುವನ್ನು ಬಿಸಿಯಲ್ಲಿ ಕೊಲ್ಲದಿದ್ದರೆ ಅದು ಪತಂಗವಾಗಿ ಗೂಡು ಸೀಳಿ ಹೊರಬರುತ್ತದೆ. ಎಳೆ ತುಂಡಾದ ಗೂಡಿನಿಂದ ನೂಲು ತೆಗೆಯಲಾಗದು. ಕಾಯಲಾರದವನ ಸರಕಿಗೆ ಕೊಳ್ಳುವವನು ಹೇಳಿದ್ದೇ ಬೆಲೆ. ಈ ಊರಿನ ಇತಿಹಾಸವೆಲ್ಲ ಈ ಒಂದು ಸಂಗತಿಯ ಸುತ್ತ ತಿರುಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಮೈಸೂರು ಸೀಮೆಗೆ ರೇಷ್ಮೆಯನ್ನು ತಂದು ಬೇರೂರಿಸಿದ ಕೀರ್ತಿ ಟಿಪ್ಪು ಸುಲ್ತಾನನಿಗೆ ಸಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹುಳುವಿನ ರೋಗಗಳಿಂದ ಈ ಕಸುಬು ಕುಗ್ಗಿತ್ತು. ಆಗ ಜೆಮ್‌ಷೆಟ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಕ್ಷೇತ್ರವನ್ನು ತೆರೆದರು. ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರು ಅದರದೇ ಉಳಿಕೆ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912-18) ರೇಷ್ಮೆಗೆಂದೇ ಸರ್ಕಾರಿ ಇಲಾಖೆ ರೂಪುಗೊಂಡಿತು. ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರು ಬಂದರು. ಅದೇ ದಶಕದಲ್ಲಿ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಪೋಣಿಸುವ ಚಿಕ್ಕ ರೈಲು ಬಂತು. ಎರಡೂವರೆ ಅಡಿ ಅಗಲದ ಹಳಿಯ ಮೇಲೆ ತೆವಳುತ್ತಿದ್ದ ಆ ಗಾಡಿಯನ್ನು ನಮ್ಮ ಪೀಳಿಗೆಯವರು ಮರೆಯಲಾರರು. 2013ರಲ್ಲಿ ಅದೇ ಹಾದಿಯಲ್ಲಿ ದೊಡ್ಡ ಹಳಿಯ ರೈಲು ಓಡತೊಡಗಿತು.

ರೈಲು ಸರಕನ್ನು ಹೊರಗೊಯ್ಯಿತು. ಹೊರಗಿನ ಬೆಲೆಯನ್ನು ಒಳಗೂ ತಂದಿತು. 1929ರ ಆರ್ಥಿಕ ಕುಸಿತದ ನಂತರ ಜಪಾನಿನ ಅಗ್ಗದ ರೇಷ್ಮೆ ನಮ್ಮ ದೇಶಕ್ಕೆ ಹರಿದುಬಂದಾಗ, ಜಪಾನೆಂಬ ಹೆಸರನ್ನೇ ಕೇಳಿರದ ರೈತರು ಹಿಪ್ಪುನೇರಳೆ ಕಿತ್ತುಹಾಕಿದರು. 1934ರಲ್ಲಿ ರಕ್ಷಣಾತ್ಮಕ ಸುಂಕ ಬಂತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸರಕು ನಿಂತು, ಪ್ಯಾರಾಚೂಟಿನ ಬಟ್ಟೆಗೆ ರೇಷ್ಮೆ ಬೇಕಾದಾಗ ಅದೇ ಕಸುಬು ಮತ್ತೆ ಚಿಗುರಿತು. ಬೆಲೆ ಎಲ್ಲೋ ಹುಟ್ಟಿ ಇಲ್ಲಿಗೆ ಬರುತ್ತಿತ್ತು. ನಡುವೆ ಇದ್ದ ದಲ್ಲಾಳಿಗಳಿಗೆ ಮಾತ್ರ ಅದು ಮೊದಲು ತಿಳಿಯುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು 1959ರ ಕಾಯ್ದೆ. ರೇಷ್ಮೆ ಬಿತ್ತನೆ, ಗೂಡು, ನೂಲುಗಳ ಮಾರಾಟವನ್ನೆಲ್ಲ ನಿಯಂತ್ರಣಕ್ಕೆ ತಂದ ಈ ಕಾಯ್ದೆಯಿಂದ ಸರ್ಕಾರಿ ಮಾರುಕಟ್ಟೆ, ತೂಕದ ಯಂತ್ರ, ಬಹಿರಂಗ ಹರಾಜು ಬಂದವು. 1979ರಲ್ಲಿ ರೇಷ್ಮೆ ಮಾರಾಟ ಮಂಡಳಿ ಸ್ಥಾಪನೆಯಾಗಿ, ನೂಲಿನ ದರ ಬಿದ್ದಾಗ ಕೊಳ್ಳುವ ಏರ್ಪಾಡೂ ಆಯಿತು. ಟವಲಿನ ಕೆಳಗಿನ ಬೆಲೆಯನ್ನು ಎಲ್ಲರ ಕಿವಿಗೆ ಕೇಳುವಂತೆ ಕೂಗಿಸಿದ್ದು ಸಣ್ಣ ಸಾಧನೆಯಲ್ಲ. ಯಾವ ಯುದ್ಧವನ್ನೂ ಗೆಲ್ಲದೆ, ಯಾವ ಶಾಸನದ ಕಲ್ಲೂ ನೆಡದೆ ನಡೆದ ಈ ಬದಲಾವಣೆ ನಾನು ಪಾಠ ಹೇಳಿದ ಪಠ್ಯಪುಸ್ತಕಗಳಲ್ಲಿ ಒಂದು ಸಾಲೂ ಆಗಿರಲಿಲ್ಲ. ಈಗ ಹರಾಜು ವಿದ್ಯುನ್ಮಾನ ಪದ್ಧತಿಗೆ ಬಂದಿದೆ. ಕೂಗುವ ಬದಲು ಕೊಳ್ಳುವವರು ಮೊಬೈಲಿನಲ್ಲಿ ದರ ಒತ್ತುತ್ತಾರೆ.

ಹಾಗೆಂದು ದೂರದ ಬೆಲೆಯ ಕಾಟ ತಪ್ಪಲಿಲ್ಲ. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡಾ 5ಕ್ಕೆ ಇಳಿದು ಚೀನಾದ ನೂಲು ಅಗ್ಗವಾದಾಗ ಇಲ್ಲಿ ಗೂಡಿನ ದರ ಕುಸಿಯಿತು. ಬೆಳೆಗಾರರೂ ಬಿಚ್ಚಾಣಿಕೆದಾರರೂ ಬೀದಿಗಿಳಿದರು. 2013ರಲ್ಲಿ ಸುಂಕ ಶೇಕಡಾ 15ಕ್ಕೆ ಏರಿತು. ಆ ಎರಡು ವರ್ಷಗಳಲ್ಲಿ ಹಿಪ್ಪುನೇರಳೆ ಕಿತ್ತವರೆಲ್ಲ ಮತ್ತೆ ನೆಡಲಿಲ್ಲ.

ಇಷ್ಟನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಜಾಲರಿಗಳ ನಡುವೆ ನಡೆಯುತ್ತಿದ್ದಾಗ ಒಬ್ಬಾತ ಎದುರಿಗೆ ಬಂದು ನಿಂತ. ಐವತ್ತು ದಾಟಿದ ವಯಸ್ಸು, ನರೆತ ಗಡ್ಡ.

"ಸಾರ್, ಗುರ್ತು ಸಿಗಲಿಲ್ವಾ? ಎಂಟನೇ ಕ್ಲಾಸು. ಕಿಟಕಿ ಪಕ್ಕ ಕೂತ್ಕೊತಿದ್ದೆ."

ಹೆಸರು ಹೇಳಿದ ಮೇಲೆ ಗುರುತು ಸಿಕ್ಕಿತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಭೂಪಟದಲ್ಲಿ ನದಿಗಳನ್ನು ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಗುರುತಿಸುತ್ತಿದ್ದ ಹುಡುಗ. 1983ರಲ್ಲಿ, ವರ್ಷ ಮುಗಿಯುವ ಮೊದಲೇ, ಬರುವುದನ್ನು ನಿಲ್ಲಿಸಿದ್ದ. ಈಗ ಆರು ಬೇಸಿನ್ನುಗಳ ಸ್ವಂತ ಬಿಚ್ಚಾಣಿಕೆ ಘಟಕದ ಯಜಮಾನ.

"ಯಾಕಪ್ಪಾ ಆಗ ಶಾಲೆ ಬಿಟ್ಟೆ?" ಎಂದು ಕೇಳಿದೆ. ನಲವತ್ತು ವರ್ಷ ತಡವಾಗಿ ಕೇಳಿದ ಪ್ರಶ್ನೆ.

"ಅಕ್ಕನ ಮದುವೇಗೆ ನಮ್ಮಪ್ಪ ಮುಂಗಡ ಇಸ್ಕೊಂಡಿದ್ರು ಸಾರ್, ಎಂಟ್ನೂರು ರೂಪಾಯಿ. ಮೊದ್ಲು ಬೆಳಿಗ್ಗೆ ಒಂದಷ್ಟು ಹೊತ್ತು ಹೋಗಿ ಚರಕ ತಿರುಗಿಸಿ ಶಾಲೆಗೆ ಬರ್ತಿದ್ದೆ. ಆಮೇಲೆ ಒಲೆ ಹತ್ರ ಕೂರಿಸಿದ್ರು. ತೀರೋದಕ್ಕೆ ಆರು ವರ್ಷ ಆಯ್ತು."

ಆತ ದೂರುವ ದನಿಯಲ್ಲಿ ಹೇಳಲಿಲ್ಲ. ಊರಿನ ಮಳೆ ಬೆಳೆಯ ಸುದ್ದಿ ಹೇಳುವಂತೆ ಹೇಳಿದ. ನನಗೆ ಮಾತ್ರ ನಿಂತಲ್ಲೇ ಒಂದು ಬೆಳಗು ನೆನಪಾಯಿತು. ಆ ಹುಡುಗನ ಬರವಣಿಗೆ ಕಾಗೆಕಾಲಿನಂತಿದೆಯೆಂದು ಬೈದು, ಕೈ ಚಾಚಿಸಿ, ರೂಲುದೊಣ್ಣೆಯಿಂದ ಬೆರಳಿಗೆ ಹೊಡೆದಿದ್ದೆ. ಆ ಬೆರಳುಗಳ ತುದಿ ಬೆಳ್ಳಗೆ ನೆನೆದು, ಸುಕ್ಕಾಗಿ, ಅಲ್ಲಲ್ಲಿ ಬಿರಿದಿತ್ತು. ಅದನ್ನು ಕಣ್ಣಾರೆ ಕಂಡೆ. ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕುವವರ ಬೆರಳು ಹಾಗಿರುತ್ತದೆಂದು ಆ ತಾಲ್ಲೂಕಿನಲ್ಲಿ ತಿಳಿಯದವರು ಯಾರು? ನನಗೂ ತಿಳಿದಿತ್ತು. ಆದರೂ ಏನೆಂದು ಕೇಳಲಿಲ್ಲ. ಕೆಲವು ವಾರಗಳ ನಂತರ ಹಾಜರಿ ಪುಸ್ತಕದಲ್ಲಿ ದೀರ್ಘ ಗೈರುಹಾಜರಿ ಎಂದು ಬರೆದು ಆತನ ಹೆಸರಿಗೆ ಗೆರೆ ಎಳೆದೆ.

ಅದೇ ವರ್ಷ ಅದೇ ತರಗತಿಗೆ ಅಬ್ರಹಾಂ ಲಿಂಕನ್ನನ ಪಾಠವನ್ನು ಬಹಳ ಉತ್ಸಾಹದಿಂದ ಮಾಡಿದ್ದೆ. ಪೌರನೀತಿಯ ಗಂಟೆಯಲ್ಲಿ, ನಮ್ಮ ದೇಶದಲ್ಲಿ 1976ರ ಕಾಯ್ದೆಯಿಂದ ಜೀತಪದ್ಧತಿ ರದ್ದಾಯಿತು ಎಂದು ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳಿಂದ ಬರೆಸಿದ್ದೆ. ಮುಂಗಡಕ್ಕೆ ಸಿಕ್ಕ ಹುಡುಗ ಕಿಟಕಿಯ ಪಕ್ಕದಲ್ಲಿ ಕುಳಿತು ಆ ವಾಕ್ಯವನ್ನು ನಕಲು ಮಾಡಿಕೊಂಡಿರಬೇಕು.

ಇದು ಒಬ್ಬ ಹುಡುಗನ ಕತೆಯಾಗಿರಲಿಲ್ಲ. 1986ರಲ್ಲಿ ಬಾಲಕಾರ್ಮಿಕ ನಿಷೇಧ ಕಾಯ್ದೆ ಬಂತು. ಅದಾಗಿ ಹದಿನೇಳು ವರ್ಷಗಳ ಮೇಲೆ, 2003ರಲ್ಲಿ, ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಕುರಿತು ವರದಿ ಪ್ರಕಟಿಸಿತು. ಕುದಿನೀರು, ಹೊಗೆ, ತೀರದ ಮುಂಗಡ ಎಲ್ಲವೂ ಅದರಲ್ಲಿದ್ದವು. 2010ರಿಂದ ಶಿಕ್ಷಣದ ಹಕ್ಕು ಜಾರಿಗೆ ಬಂದು, 2016ರ ತಿದ್ದುಪಡಿಯು ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು, ಶಾಲೆಯ ಹೊತ್ತಿನ ಹೊರಗೆ ಮನೆಯವರಿಗೆ ನೆರವಾಗುವಂಥ ಕೆಲವನ್ನು ಬಿಟ್ಟು, ನಿಷೇಧಿಸಿತು. ಗೂಡಿನ ಬೆಲೆಯನ್ನು ಬಹಿರಂಗಕ್ಕೆ ತಂದ ಊರಿನಲ್ಲಿ ಮಕ್ಕಳ ದುಡಿಮೆಯ ಬೆಲೆ ಮಾತ್ರ ಬಹಳ ಕಾಲ ಟವಲಿನ ಕೆಳಗೇ ಉಳಿದಿತ್ತು. ಅದನ್ನು ಮರೆಮಾಡಿದ ಕೈಗಳಲ್ಲಿ ನನ್ನದೂ ಒಂದು.

"ನಿನ್ನ ಘಟಕದಲ್ಲಿ ಮಕ್ಕಳು..." ಎಂದು ತೊದಲಿದೆ.

"ಬಂದು ನೋಡಿ ಸಾರ್" ಎಂದ.

ಹರಾಜು ಮುಗಿದ ಮೇಲೆ ಗೂಡಿನ ಚೀಲಗಳ ಜೊತೆಗೆ ನನ್ನನ್ನೂ ಆಟೋದಲ್ಲಿ ಕೂರಿಸಿಕೊಂಡು ಹೋದ. ಮಕ್ಕಳಿರಲಿಲ್ಲ. ಬೇಸಿನ್ನುಗಳ ಮುಂದೆ ನಡುವಯಸ್ಸಿನ ಹೆಂಗಸರು ಕುಳಿತಿದ್ದರು. ಒಂದು ಕಿಲೋ ನೂಲು ಬರಬೇಕಾದರೆ ಏಳೆಂಟು ಕಿಲೋ ಮಿಶ್ರತಳಿ ಗೂಡು ಆ ಬಿಸಿನೀರನ್ನು ಹಾದುಹೋಗಬೇಕು. ಗಾಳಿಯಲ್ಲಿ ಕಾಣದಷ್ಟು ತೆಳುವಾದ ಎಳೆಗಳನ್ನು ಅವರ ಬೆರಳುಗಳು ತಾವಾಗಿ ಹಿಡಿದು ಜೋಡಿಸುತ್ತಿದ್ದವು. ಬೆರಳ ತುದಿಗಳು ಅದೇ ಬಿಳುಪು, ಅದೇ ಬಿರುಕು. ಆತನ ಮಗಳು ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ಓದಿದವಳಂತೆ. ಬಿಸಿನೀರಿಗೆ ಕೈ ಹಾಕಬೇಕಾಗಿಲ್ಲದ ಸ್ವಯಂಚಾಲಿತ ಯಂತ್ರ ಕೊಳ್ಳೋಣವೆಂದು ಅಪ್ಪನಿಗೆ ದುಂಬಾಲು ಬಿದ್ದಿದ್ದಾಳೆ. "ಅದರ ಬೆಲೆ ಕೇಳಿದ್ರೆ ಎದೆ ನಡುಗುತ್ತೆ ಸಾರ್. ಅದು ಬಂದ್ರೆ ಈ ಹೆಂಗಸ್ರು ಎಲ್ಲಿಗೆ ಹೋಗ್ಬೇಕು?" ಎಂದು ಆತ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಹೊರಡುವಾಗ ರೂಲುದೊಣ್ಣೆಯ ವಿಷಯವನ್ನು ನಾನೇ ಎತ್ತಿ ಕ್ಷಮೆ ಕೇಳಿದೆ. ಆತನಿಗೆ ಅದು ನೆನಪೇ ಇರಲಿಲ್ಲ, ಅಥವಾ ಇಲ್ಲವೆಂದು ಹೇಳಿದ. "ಬಿಡಿ ಸಾರ್, ಎಲ್ಲಾ ಮೇಷ್ಟ್ರೂ ಹೊಡೀತಿದ್ರು. ಟೀ ಕುಡಿದು ಹೋಗಿ" ಎಂದ. ಟೀ ಲೋಟ ಕೊಟ್ಟ ಕೈಯನ್ನು ಈ ಸಲ ಸರಿಯಾಗಿ ನೋಡಿದೆ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಉಪಾಧ್ಯಾಯರಾಗಿದ್ದೀರಿ, ಕೆಲವರು ಅಧಿಕಾರಿಗಳು, ಒಬ್ಬಿಬ್ಬರು ರೇಷ್ಮೆಯ ವ್ಯವಹಾರದಲ್ಲೇ ಇದ್ದೀರಿ. ನಿಮ್ಮ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿಗೆ ಗೆರೆ ಎಳೆಯುವ ಮುನ್ನ ಆ ಮಗುವಿನ ಮನೆಯವರೆಗೆ ಒಮ್ಮೆ ನಡೆದು ಹೋಗಿ ಬನ್ನಿ. ನಾನು ಹೋಗಬೇಕಾಗಿದ್ದ ಆ ಮನೆ ಶಾಲೆಯಿಂದ ಒಂದು ಮೈಲಿಯೂ ಇರಲಿಲ್ಲ.