ಬಿಳಿ ಕರಡಿಯ ಸುದ್ದಿ ಹೇಳದವರು

ಕೆನಡಾದ ಪಶ್ಚಿಮ ಕರಾವಳಿಯ ಮಳೆಕಾಡಿನಲ್ಲಿ ಬಿಳಿ ಕರಡಿಯನ್ನು ನೋಡಬೇಕೆಂದರೆ ಸೆಪ್ಟೆಂಬರ್‌ನಲ್ಲಿ ಹೋಗಬೇಕು. ಮೊಟ್ಟೆಯಿಡಲು ಸಮುದ್ರದಿಂದ ಹೊಳೆಗೆ ಏರಿ ಬರುವ ಸಾಲ್ಮನ್ ಮೀನುಗಳಿಗಾಗಿ ಆಗ ಕರಡಿಗಳು ದಡಕ್ಕಿಳಿಯುತ್ತವೆ. ವ್ಯಾಂಕೂವರ್ ದ್ವೀಪದ ಪೋರ್ಟ್ ಹಾರ್ಡಿಯಿಂದ ಉತ್ತರಕ್ಕೆ ಹೋಗುವ ಹಡಗು ಕೆಲವು ದಿನ ಬೆಲ್ಲಾ ಬೆಲ್ಲಾ, ಕ್ಲೆಮ್ಟು ಎಂಬ ಸಣ್ಣ ಊರುಗಳಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ದೋಣಿ, ಮಳೆ ಮತ್ತು ಕಾಯುವುದು. ನಾವು ನಾಲ್ವರು ಸಂಶೋಧನಾ ವಿದ್ಯಾರ್ಥಿಗಳು ಮುಂದಿನ ವರ್ಷಕ್ಕೆಂದು ಲೆಕ್ಕ ಹಾಕುತ್ತಿದ್ದೇವೆ. ಟಿಕೆಟ್ಟು, ಕ್ಯಾಮೆರಾ, ರೇನ್‌ಕೋಟು ಉಳಿದವರ ಪಾಲಾದವು. ನನಗೆ ಸಿಕ್ಕಿದ್ದು ಓದುವ ಕೆಲಸ. ಇತಿಹಾಸದವನಿಗೆ ಇನ್ನೇನು ಕೊಟ್ಟಾರು!

ಓದಲು ಕುಳಿತಾಗ ಮೊದಲು ತಡೆದು ನಿಲ್ಲಿಸಿದ್ದು 'ವೈಲ್ಡ್' ಎಂಬ ಮಾತು. ಪ್ರವಾಸದ ಬರಹಗಳಲ್ಲೆಲ್ಲ ಅದೇ ಇದೆ. ಕನ್ನಡದಲ್ಲಿ ಏನೆನ್ನೋಣ? ಕಾಡು ಎಂದರೆ ನಡೆದೀತು, ನಮ್ಮ ಕಾಡಿನಲ್ಲಿ ಜನರಿಗೂ ಜಾಗವಿದೆ. ನಿರ್ಜನ ಎಂದರೆ ಮಾತ್ರ ಒಂದು ದೊಡ್ಡ ಸಂಗತಿಯನ್ನು ಮುಚ್ಚಿಟ್ಟಂತಾಗುತ್ತದೆ.

1862ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ವಿಕ್ಟೋರಿಯಾ ಪಟ್ಟಣಕ್ಕೆ ಬಂದ ಹಡಗಿನಲ್ಲಿ ಸಿಡುಬು ಬಂತು. ವ್ಯಾಪಾರಕ್ಕೂ ಕೂಲಿಗೂ ಬಂದಿದ್ದ ಉತ್ತರ ಕರಾವಳಿಯ ಮೂಲನಿವಾಸಿಗಳು ಪಟ್ಟಣದ ಅಂಚಿನಲ್ಲಿ ಬೀಡುಬಿಟ್ಟಿದ್ದರು. ಸಿಡುಬಿಗೆ ಲಸಿಕೆ ಆಗಲೇ ಇತ್ತು, ಕೆಲವರಿಗೆ ಹಾಕಿಯೂ ಇದ್ದರು. ಆದರೆ ಈ ಬಿಡಾರಗಳಲ್ಲಿ ರೋಗ ಕಾಣಿಸಿದಾಗ ಅಧಿಕಾರಿಗಳು ಜನರನ್ನು ಅಲ್ಲೇ ಇರಿಸಿ ನೋಡಿಕೊಳ್ಳಲಿಲ್ಲ. ಪೊಲೀಸರು ಅವರನ್ನು ಎಬ್ಬಿಸಿದರು, ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಜನ ದೋಣಿ ಹತ್ತಿ ಊರ ದಾರಿ ಹಿಡಿದರು, ಅವರೊಡನೆ ರೋಗವೂ ಹೊರಟಿತು. ಕರಾವಳಿಯ ಮೂಲನಿವಾಸಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಸತ್ತಿರಬಹುದೆಂದು ಇತಿಹಾಸಕಾರರ ಅಂದಾಜು. ನಮ್ಮ ಹಡಗಿನ ದಾರಿಯೂ ಹೆಚ್ಚುಕಡಿಮೆ ಅದೇ. ಡೆಕ್ಕಿನ ಮೇಲೆ ನಿಂತು ಆಹಾ ಎಷ್ಟು ಖಾಲಿ ಎನ್ನುವ ಮೊದಲು ಇದು ತಿಳಿದಿರಲಿ ಎಂದು ಗೆಳೆಯರಿಗೆ ಒಂದು ಪುಟ ಬರೆದು ಕಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಾದರು. ನಾವು ಇಳಿಯಲಿರುವ ಕ್ಲೆಮ್ಟು ಕೂಡ ಆ ಶತಮಾನದ ಉತ್ತರಾರ್ಧದಲ್ಲಿ ಕಿಟಾಸೂ, ಕ್ಸೈಕ್ಸೈಸ್ ಎಂಬ ಎರಡು ಬೇರೆ ಬೇರೆ ಭಾಷೆಯ ಜನ ಒಟ್ಟಾಗಿ ಕಟ್ಟಿಕೊಂಡ ಊರು.

ಇನ್ನು ಕರಡಿಯ ವಿಷಯ. ಅದು ಹಿಮಕರಡಿಯ ನೆಂಟನಲ್ಲ, ಕಪ್ಪು ಕರಡಿಯೇ. ತಾಯಿತಂದೆ ಇಬ್ಬರಿಂದಲೂ ಒಂದು ನಿರ್ದಿಷ್ಟ ಜೀನ್ ಬಂದರೆ ಮರಿ ಕೆನೆಬಣ್ಣದ್ದಾಗುತ್ತದೆ. ಸಿಮ್ಶಿಯನ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ ಬಿಳಿ ಕರಡಿ, ಅಷ್ಟೇ. 1905ರಲ್ಲಿ ನ್ಯೂಯಾರ್ಕ್ ಮೃಗಾಲಯದ ನಿರ್ದೇಶಕ ವಿಲಿಯಂ ಹಾರ್ನಡೆ ಇದನ್ನು ಹೊಸ ಪ್ರಭೇದವೆಂದು ಸಾರಿ, ವಿಕ್ಟೋರಿಯಾದ ವಸ್ತುಸಂಗ್ರಹಾಲಯದ ಫ್ರಾನ್ಸಿಸ್ ಕರ್ಮೋಡ್ ಅವರ ಹೆಸರಿಟ್ಟರು. ಪ್ರಭೇದವೆಂಬುದು ಆಮೇಲೆ ನಿಲ್ಲಲಿಲ್ಲ, 'ಕರ್ಮೋಡ್ ಕರಡಿ' ಎಂಬ ಹೆಸರು ನಿಂತಿತು.

ನನ್ನ ಮನಸ್ಸು ನೆಟ್ಟಿರುವುದು ಮಾತ್ರ ಅದಕ್ಕೂ ಹಿಂದಿನ ಕಾಲದಲ್ಲಿ. 1833ರಲ್ಲೇ ಹಡ್ಸನ್ಸ್ ಬೇ ಕಂಪನಿ ಬೆಲ್ಲಾ ಬೆಲ್ಲಾದ ಬಳಿ ಕೋಟೆ ಕಟ್ಟಿ ತುಪ್ಪಳ ಕೊಳ್ಳುತ್ತಿತ್ತು. ಅದಕ್ಕೂ ಮೊದಲಿನ ತುಪ್ಪಳದ ವ್ಯಾಪಾರ ಕಡಲ ನೀರುನಾಯಿಯನ್ನು ಬೇಟೆಯಾಡುತ್ತಾ ಬಂದಿತ್ತು. ಕೊನೆಗೆ ಈ ಕರಾವಳಿಯಿಂದಲೇ ಅದು ಅಳಿಸಿಹೋಯಿತು. ಈಗ ಕಾಣಸಿಗುವವುಗಳಲ್ಲಿ ಹೆಚ್ಚಿನವು 1969ರಿಂದ 72ರ ನಡುವೆ ಅಲಾಸ್ಕಾದಿಂದ ತಂದುಬಿಟ್ಟ 89 ಪ್ರಾಣಿಗಳ ಸಂತತಿ. ಅಂಥ ಕಾಲದಲ್ಲಿ ಬಿಳಿ ಕರಡಿಯ ಚರ್ಮಕ್ಕೆ ಏನು ಬೆಲೆ ಬರುತ್ತಿತ್ತೋ! ಹಿರಿಯರು ಅದರ ಬಗ್ಗೆ ಹೊರಗಿನವರ ಮುಂದೆ ಬಾಯಿ ಬಿಡುತ್ತಿರಲಿಲ್ಲ, ಮನೆಯಲ್ಲೂ ಹೆಚ್ಚು ಮಾತಾಡುತ್ತಿರಲಿಲ್ಲ ಎಂದು ಇಲ್ಲಿನವರು ಇಂದಿಗೂ ಹೇಳುತ್ತಾರೆ. ದಾಖಲೆ ಹುಡುಕುವುದೇ ಕಸುಬಾದ ನನಗೆ ಇದು ವಿಚಿತ್ರ ಪೇಚು. ಈ ಇತಿಹಾಸಕ್ಕೆ ಕಾಗದದ ಸಾಕ್ಷಿ ಸಿಕ್ಕಿದ್ದರೆ ಆ ಮೌನ ಸೋತಿತ್ತು ಎಂದೇ ಅರ್ಥ.

ಅದೇ ಜನರ ಮೊಮ್ಮಕ್ಕಳು ಇಂದು ಕ್ಲೆಮ್ಟುವಿನಲ್ಲಿ ತಮ್ಮದೇ ವಸತಿಗೃಹ ನಡೆಸಿ, ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಕರಡಿ ತೋರಿಸುತ್ತಾರೆ. ಇದು ಹಿರಿಯರಿಗೆ ಬೆನ್ನು ತಿರುಗಿಸಿದಂತೆ ಎಂದು ನನಗೆ ಅನ್ನಿಸುವುದಿಲ್ಲ. ಕಾಲ ಬದಲಾಗಿತ್ತು. 20ನೇ ಶತಮಾನದಲ್ಲಿ ಮರ ಕಡಿಯುವ ಕಂಪನಿಗಳ ಲೆಕ್ಕದಲ್ಲಿ ಈ ಕಾಡು ಮರದ ದಾಸ್ತಾನು ಮಾತ್ರ ಆಗಿತ್ತು. 'ಗ್ರೇಟ್ ಬೇರ್ ರೈನ್‌ಫಾರೆಸ್ಟ್' ಎಂಬ ಹೆಸರನ್ನು ಪರಿಸರ ಹೋರಾಟಗಾರರು ಕೊಟ್ಟಿದ್ದು 1990ರ ದಶಕದಲ್ಲಿ. ಸುದ್ದಿಯಾಗದ ಕಾಡು ಆಗ ಸದ್ದಿಲ್ಲದೆ ಉರುಳುವ ಕಾಡಾಗಿತ್ತು. 2016ರ ಒಪ್ಪಂದದಲ್ಲಿ 64 ಲಕ್ಷ ಹೆಕ್ಟೇರಿನ ಈ ಪ್ರದೇಶದ ಶೇಕಡ 85ರಷ್ಟು ಕಾಡನ್ನು ವಾಣಿಜ್ಯ ಕಡಿತಲೆಯಿಂದ ಹೊರಗಿಟ್ಟರು. ಮೋಜಿನ ಬೇಟೆಗೆ ಕರಾವಳಿಯ ಮೂಲನಿವಾಸಿಗಳು 2012ರಲ್ಲೇ ತಮ್ಮ ನೆಲದಲ್ಲಿ ನಿಷೇಧ ಘೋಷಿಸಿದ್ದರು. ಪ್ರಾಂತ್ಯದ ಸರ್ಕಾರ ಗ್ರಿಜ್ಲಿ ಬೇಟೆ ನಿಲ್ಲಿಸಿದ್ದು 2017ರಲ್ಲಿ. ಬಿಳಿ ಮರಿಯ ಜೀನ್ ಕಪ್ಪು ಕರಡಿಯ ಮೈಯಲ್ಲೂ ಅಡಗಿರುತ್ತದಲ್ಲ, ಹಾಗಾಗಿ 2022ರಲ್ಲಿ ಈ ಭಾಗದಲ್ಲಿ ಕಪ್ಪು ಕರಡಿಯ ಬೇಟೆಯೂ ನಿಂತಿತು.

ಇಷ್ಟಾದ ಮೇಲೆ ನಮ್ಮ ಯೋಜನೆ ಒಂದಿಷ್ಟು ಬದಲಾಗಿದೆ. ಅಗ್ಗದ ದೋಣಿಯ ವಿಚಾರ ಕೈಬಿಟ್ಟು, ದುಬಾರಿಯಾದರೂ ಊರಿನವರ ಜೊತೆಗೇ ಹೋಗುವುದೆಂದು ನಿಶ್ಚಯಿಸಿದ್ದೇವೆ. ಅದಕ್ಕಾಗಿ ಎರಡು ದಿನ ಕಡಿಮೆ ಮಾಡಿಕೊಂಡಿದ್ದೇವೆ. ಕರಡಿ ಕಂಡರೆ ಅದರ ಚಿತ್ರದ ಜೊತೆ ಹೊಳೆಯ ಹೆಸರು ಹಾಕಬೇಕೇ ಬೇಡವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕ್ಯಾಮೆರಾದವಳು ಹಾಕಬೇಕೆನ್ನುತ್ತಾಳೆ. ನಾನು ಬೇಡವೆನ್ನುತ್ತಿದ್ದೇನೆ.