ವಿಷಯೆ ತಿದ್ದಿದ ಒಂದು ಅಕ್ಷರ

ಮಸ್ಕಿಯ ಬಂಡೆಗಲ್ಲಿನ ಶಾಸನದ ವಿಷಯ ನಮ್ಮ ಕಡೆಯ ಶಾಲೆಗಳಲ್ಲಿ ಪ್ರತಿ ವರ್ಷವೂ ಪರೀಕ್ಷೆಗೆ ಬರುತ್ತದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅದನ್ನು ಕಂಡ. ಅದಕ್ಕೂ ಮುಂಚೆ ದೊರೆತ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಓದಲು ಸಿಕ್ಕಿದ್ದು ಮಸ್ಕಿಯಲ್ಲಿ. ಮಕ್ಕಳು ಇಷ್ಟು ಬರೆದರೆ ಎರಡು ಅಂಕ. ಆದರೆ ಆ ಕಲ್ಲಿನಲ್ಲಿ ಇನ್ನೇನಿದೆ ಎಂದು ಕೇಳುವವರು ಕಡಿಮೆ. ಇದುವರೆಗೆ ಜಂಬೂದ್ವೀಪದಲ್ಲಿ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ ಎನ್ನುತ್ತಾನೆ ಅರಸ. ಧರ್ಮದ ಈ ಫಲ ದೊಡ್ಡವರಿಗಷ್ಟೇ ದಕ್ಕುವುದೆಂದು ತಿಳಿಯಬೇಡಿ, ಸಣ್ಣವರಿಗೂ ಸಾಧ್ಯ ಎಂದೂ ಹೇಳುತ್ತಾನೆ. ವಿದ್ವಾಂಸರು ಇದಕ್ಕೆ ಬೇರೆ ಬೇರೆ ಅರ್ಥ ಹಚ್ಚಿದ್ದಾರೆ. ನನಗೆ ಮಾತ್ರ, ದೇವತೆಗಳು ಮನುಷ್ಯರ ನಡುವೆ ಓಡಾಡುವ ಈ ಮಾತು ಅಜ್ಜಿ ಹೇಳುವ ಕತೆಯ ಮೊದಲ ಸೊಲ್ಲಿನಂತೆ ಕೇಳಿಸುತ್ತದೆ.

ಇದನ್ನು ಇಲ್ಲಿ ನೆನೆಯಲು ಕಾರಣವುಂಟು. ಸಿಂಧನೂರಿನಲ್ಲಿ ನಾವು ಹತ್ತು ಹನ್ನೆರಡು ಹೆಂಗಸರು ತಿಂಗಳಿಗೊಮ್ಮೆ ಭಾನುವಾರ ಸಂಜೆ ಯಾರದಾದರೂ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಒಬ್ಬರು ಓದುವುದು, ಉಳಿದವರು ಕೇಳುವುದು, ಆಮೇಲೆ ಚರ್ಚೆ. ಓದುವುದೆಲ್ಲ ಅದ್ಭುತ ಕಥೆಗಳೇ: ಬೇತಾಳ, ಕಿನ್ನರಿ, ಮಾತನಾಡುವ ಗಿಳಿ, ಹೂವಾಗಿ ಹುಟ್ಟಿದ ರಾಜಕುಮಾರ. "ಈ ವಯಸ್ಸಿನಾಗ ಕಟ್ಟುಕತಿ ಓದೋದೇನ್ರಿ ಟೀಚರ್? ಪ್ರಯೋಜನಕ್ಕೆ ಬರೋದು ಏನಾರ ಓದಬಾರದಾ?" ಎಂದು ನಮ್ಮನ್ನು ಕೇಳಿದವರಿದ್ದಾರೆ. ಕೇಳಿದವರಲ್ಲಿ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕನ್ನಡದಲ್ಲಿ ಕಟ್ಟುಕತೆಗೆ ದೊಡ್ಡವರ ಮನೆತನವೇ ಇದೆ. ಚಾಲುಕ್ಯ ಅರಸ ಎರಡನೆಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ 1031ರಲ್ಲಿ ಕನ್ನಡ ಪಂಚತಂತ್ರ ಬರೆದ. ಇದೇ ಜಯಸಿಂಹ ಚೋಳ ರಾಜೇಂದ್ರನೊಡನೆ ಕಾದಾಡಿದ ಮುಯಂಗಿ ಎಂಬ ಊರು ನಮ್ಮ ಮಸ್ಕಿಯೇ ಎಂದು ಹಲವು ಇತಿಹಾಸಕಾರರ ಅಭಿಪ್ರಾಯ. ಯುದ್ಧ, ಒಪ್ಪಂದಗಳ ನಡುವೆ ಬದುಕಿದ ಮಂತ್ರಿಗೆ ಸಿಂಹ, ಎತ್ತು, ನರಿಗಳ ಕತೆ ಪ್ರಯೋಜನವಿಲ್ಲದ್ದು ಎನಿಸಲಿಲ್ಲ. ತನ್ನ ಕಥೆಗಳ ಬೇರು ಗುಣಾಢ್ಯನ ಬೃಹತ್ಕಥೆಯಲ್ಲಿದೆ ಎಂದು ಅವನೇ ಹೇಳಿಕೊಂಡಿದ್ದಾನೆ.

ಆ ಬೃಹತ್ಕಥೆ ಭೂಮಿಗೆ ಬಂದ ಬಗೆಯನ್ನು ಕಾಶ್ಮೀರದ ಸೋಮದೇವ ಕಥಾಸರಿತ್ಸಾಗರದಲ್ಲಿ ಹೇಳುತ್ತಾನೆ. ಯಾರೂ ಕೇಳಿರದ ಕತೆ ಹೇಳೆಂದು ಪಾರ್ವತಿ ಶಿವನನ್ನು ಕಾಡಿದಳು. ಶಿವ ಬಾಗಿಲು ಮುಚ್ಚಿಸಿ ಹೇಳಿದ. ಪುಷ್ಪದಂತನೆಂಬ ಗಣ ಕಣ್ಣಿಗೆ ಕಾಣದಂತೆ ಒಳಹೊಕ್ಕು ಕೇಳಿದ. ಮನೆಗೆ ಹೋಗಿ ಹೆಂಡತಿ ಜಯೆಗೆ ಹೇಳಿದ. ಜಯೆ ಹೋಗಿ ಪಾರ್ವತಿಯ ಮುಂದೆಯೇ ಅದನ್ನು ಹೇಳಿಬಿಟ್ಟಳು! ಪಾರ್ವತಿಗೆ ಸಿಟ್ಟು ಬಂದು ಶಾಪವಾಯಿತು, ಶಾಪದ ನೆಪದಲ್ಲಿ ಕತೆ ಮನುಷ್ಯಲೋಕಕ್ಕೆ ಇಳಿಯಿತು. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದು ಎಂದು ಇದನ್ನು ಹೇಳಿ ನಗುವವರಿದ್ದಾರೆ. ನಾನು ಬೇರೆ ರೀತಿ ನೋಡುತ್ತೇನೆ. ಜಯೆ ಬಾಯಿ ಬಿಡದಿದ್ದರೆ ಜಗತ್ತಿಗೆ ಆ ಕತೆಯೇ ಇರುತ್ತಿರಲಿಲ್ಲ.

ನಮ್ಮ ಸೀಮೆಯ ಹೆಂಗಸರಿಗೆ ಕತೆ ದಕ್ಕಿದ್ದೂ ಹೀಗೆ ಕಿವಿಯಿಂದಲೇ. 1948ರವರೆಗೆ ರಾಯಚೂರು ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿ. ಗಂಡುಮಕ್ಕಳಿಗೇ ಕನ್ನಡ ಶಾಲೆ ಅಪರೂಪವಾಗಿದ್ದಾಗ ಹೆಣ್ಣುಮಕ್ಕಳ ಮಾತೇನು? 1956ರಲ್ಲಿ ಏಕೀಕರಣವಾಗುವ ಹೊತ್ತಿಗೆ ಲಿಂಗಸುಗೂರಿನ ನನ್ನ ಅಜ್ಜಿ ನಾಲ್ಕು ಮಕ್ಕಳ ತಾಯಿ. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಬಸವಪುರಾಣ, ಪ್ರಭುಲಿಂಗಲೀಲೆ, ಜೈಮಿನಿ ಭಾರತ. ಓದುವವರು ಗಂಡಸರು, ಅರ್ಥ ಹೇಳುವವರೂ ಗಂಡಸರು. ಹೆಂಗಸರು ಕಂಬದ ಹಿಂದೆ ಕುಳಿತು ಬತ್ತಿ ಹೊಸೆಯುತ್ತ ಕೇಳುವವರು. ಮರುದಿನ ಹಿತ್ತಲಲ್ಲಿ ಜೋಳ ಹಸನು ಮಾಡುವಾಗ ಆ ಕತೆ ಮತ್ತೊಮ್ಮೆ ನಡೆಯುತ್ತಿತ್ತು. ಅಲ್ಲಿ ಅರ್ಥ ಹೇಳುವವರು ಹೆಂಗಸರೇ. ನನ್ನ ಅಜ್ಜಿಗೆ ಚಂದ್ರಹಾಸನ ಕತೆ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ. ಆದರೆ ಯಾವ ಕಾಗದ ಬಂದರೂ ಅವಳದು ಹೆಬ್ಬೆಟ್ಟೇ.

ಆಮೇಲೆ ಕಾಲ ಬದಲಾಯಿತು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದರು, 1953ರಿಂದಾಚೆ ಎಡದಂಡೆ ಕಾಲುವೆಗೆ ನೀರು ಬಂತು, ಜೋಳ ಬೆಳೆಯುತ್ತಿದ್ದ ಸಿಂಧನೂರಿನ ಎರೆಹೊಲಗಳು ನೆಲ್ಲಿನ ಗದ್ದೆಗಳಾದವು. ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದರು. ಎಲ್ಲರೂ ತಮ್ಮ ಕತೆಗಳನ್ನು ತಂದರು. ಕ್ಯಾಂಪಿನ ಮನೆಗಳಲ್ಲಿ ತೆಲುಗು ಚಂದಮಾಮ, ನಮ್ಮ ಮನೆಯಲ್ಲಿ ಕನ್ನಡ ಚಂದಮಾಮ. 1947ರಲ್ಲಿ ಮದರಾಸಿನಲ್ಲಿ ಹುಟ್ಟಿದ ಆ ಪತ್ರಿಕೆ ಈಗ ನಿಂತುಹೋಗಿದೆ. ನಮ್ಮ ಓರಿಗೆಯವರಿಗೆ ಅದೇ ಮೊದಲ ಗ್ರಂಥಾಲಯ. ಹೆಣವನ್ನು ಹೆಗಲಿಗೆ ಹಾಕಿಕೊಂಡು ನಡೆಯುವ ಆ ರಾಜನ ಕತೆಗಳು ಕಥಾಸರಿತ್ಸಾಗರದಲ್ಲೂ ಇವೆ ಎಂದು ನನಗೆ ತಿಳಿದದ್ದು ಬಿ.ಎ. ಓದುವಾಗ.

ಹೀಗಾಗಿ ನಮ್ಮ ಬಳಗವೂ ಊರಿನಂತೆಯೇ ಬೆರಕೆ. ಉರ್ದು ಶಾಲೆಯ ಒಬ್ಬ ಶಿಕ್ಷಕಿ ಅಮೀರ್ ಹಂಜಾನ ದಾಸ್ತಾನು ಹೇಳುತ್ತಾರೆ. ಬಂಗಾಳಿ ಕ್ಯಾಂಪಿನ ಒಬ್ಬಾಕೆ, ದಕ್ಷಿಣಾರಂಜನ ಮಿತ್ರ ಮಜುಂದಾರರು 1907ರಲ್ಲಿ ಅಚ್ಚು ಹಾಕಿಸಿದ 'ಠಾಕುರ್‌ಮಾರ್ ಝುಲಿ', ಎಂದರೆ ಅಜ್ಜಿಯ ಜೋಳಿಗೆ, ಅದರಿಂದ ಏಳು ಸಂಪಿಗೆಯಣ್ಣಂದಿರ ಕತೆ ಹೇಳಿದರು. ಕಿರಿರಾಣಿಯ ಮಕ್ಕಳನ್ನು ಸವತಿಯರು ಬೂದಿಗುಂಡಿಯಲ್ಲಿ ಹೂತರೆ ಅವರು ಹೂವಾಗಿ ಹುಟ್ಟುತ್ತಾರೆ. ಕುಳ್ಳು ಆಯುವ ದಾಸಿಯಾದ ತಾಯಿ ಬಂದಾಗ ಮಾತ್ರ ಗಿಡದಿಂದ ಇಳಿಯುತ್ತಾರೆ. ಅಂದು ಯಾರಿಗೂ ಚಹಾ ಕುಡಿಯುವ ಮನಸ್ಸಾಗಲಿಲ್ಲ.

ಈಗ ನಾನು ಹೇಳಬೇಕೆಂದಿರುವ ಸಂಜೆಗೆ ಬರುತ್ತೇನೆ. ಅಂದು ಚಂದ್ರಹಾಸನ ಸರದಿ. ಈ ಕತೆಯನ್ನು ಲಕ್ಷ್ಮೀಶ ಕವಿ ಜೈಮಿನಿ ಭಾರತದಲ್ಲಿ ಹೇಳಿದ್ದಾನೆ. ಹೆಳವನಕಟ್ಟೆ ಗಿರಿಯಮ್ಮ ಹೆಂಗಸರು ಹಾಡಿಕೊಳ್ಳುವಂತೆ ಅದನ್ನೇ ಕಟ್ಟಿಕೊಟ್ಟಿದ್ದಾಳೆ. ನಡೆಯುವುದು ಕುಂತಳದಲ್ಲಿ. ಕುಂತಳವೆಂದರೆ ನಮ್ಮದೇ ಸೀಮೆಯ ಹಳೆಯ ಹೆಸರು. ಮಂತ್ರಿ ದುಷ್ಟಬುದ್ಧಿ ಚಂದ್ರಹಾಸನನ್ನು ಕೊಲ್ಲಿಸಲು ಅವನ ಕೈಯಲ್ಲೇ ಮಗನಿಗೆ ಓಲೆ ಕಳಿಸುತ್ತಾನೆ: ಇವನಿಗೆ ವಿಷ ಕೊಡು ಎಂದು. ದಾರಿಯ ತೋಪಿನಲ್ಲಿ ಅವನು ಮಲಗಿರುವಾಗ ಮಂತ್ರಿಯ ಮಗಳು ವಿಷಯೆ ಬರುತ್ತಾಳೆ, ಓಲೆ ಓದುತ್ತಾಳೆ, ಅಪ್ಪ ಅವಸರದಲ್ಲಿ ತಪ್ಪು ಬರೆದಿರಬೇಕೆಂದು ಒಂದು ಅಕ್ಷರ ತಿದ್ದುತ್ತಾಳೆ. 'ವಿಷವ' ಇದ್ದದ್ದು 'ವಿಷಯೆ' ಆಗುತ್ತದೆ. ಸಾವಿನ ಓಲೆ ಮದುವೆಯ ಓಲೆಯಾಗುತ್ತದೆ.

ವಗ್ಗರಣಿ ಮಿರ್ಚಿ ತಿನ್ನುತ್ತ ಚರ್ಚೆ ಶುರುವಾಯಿತು. ಡಿಗ್ರಿ ಓದುವ ಒಬ್ಬ ಹುಡುಗಿ, "ಒಬ್ಬರ ಪತ್ರ ಒಡೆದು ತಿದ್ದೋದು ಇವತ್ತಿನ ಕಾಯ್ದೆಯಲ್ಲಿ ಅಪರಾಧ" ಎಂದಳು. ಉರ್ದು ಶಿಕ್ಷಕಿ, "ಕೊಲೆ ತಪ್ಪಿಸಿದ್ದು ಅಪರಾಧ ಹ್ಯಾಂಗಾಗತದ ಬೇಟಿ?" ಎಂದರು. "ಅವಳಿಗೆ ಕೊಲೆ ಅಂತ ಎಲ್ಲಿ ಗೊತ್ತಿತ್ತು? ಹುಡುಗ ಚೆಂದ ಕಂಡ, ತಿದ್ದಿದಳು" ಎಂದರು ಇನ್ನೊಬ್ಬರು. ಎಲ್ಲರೂ ನಕ್ಕೆವು. ಮೂಲೆಯಲ್ಲಿ ಕುಳಿತಿದ್ದ ಒಬ್ಬಾಕೆ ಮಾತ್ರ ನಗಲಿಲ್ಲ. ಮಸ್ಕಿ ಕಡೆಯ ಹಳ್ಳಿಯವರು, ಅರವತ್ತರ ಹತ್ತಿರದವರು. ಮಗಳ ಮನೆಗೆ ಬಂದವರು ಮಗಳ ಜೊತೆ ನಮ್ಮಲ್ಲಿಗೂ ಬರುತ್ತಿದ್ದರು. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

"ಆಕಿಗೆ ಓದಾಕ ಬರತಿತ್ರೀ ಟೀಚರ್, ಓದಿ ತಿದ್ದಿದ್ಲು. ನಂಗ ಬರಲಿಲ್ಲ, ಹೆಬ್ಬಟ್ಟು ಒತ್ತಿದೆ."

ಆಮೇಲೆ ನಿಧಾನವಾಗಿ ಹೇಳಿದರು. ಅಪ್ಪ ತೀರಿಕೊಂಡ ವರ್ಷ ಒಡಹುಟ್ಟಿದವರು ಒಂದು ಕಾಗದ ತಂದಿದ್ದರು. ಬ್ಯಾಂಕಿನ ಸಾಲದ್ದು ಎಂದಿದ್ದರು. ಹೊಲದ ತನ್ನ ಪಾಲು ಬಿಟ್ಟುಕೊಟ್ಟ ಪತ್ರ ಅದೆಂದು ತಿಳಿದದ್ದು ಎರಡು ವರ್ಷ ಕಳೆದ ಮೇಲೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಎಂದು ಆ ಡಿಗ್ರಿ ಹುಡುಗಿ ಹೇಳಿದಳು, ವಕೀಲರನ್ನು ಕಾಣಬಹುದು ಎಂದಳು. ಆಕೆ ತಲೆ ಅಲ್ಲಾಡಿಸಿದರು. "ಕೋರ್ಟಿಗೆ ಹೋದ್ರ ತವರುಮನಿ ಬಾಗಿಲಾ ಮುಚ್ಚತೈತವ್ವ. ಪಂಚಮಿಗೆ ಕರಿಯಾಕ ಯಾರು ಬರತಾರ?"

ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನಾನು ಯೋಚಿಸುತ್ತಿದ್ದುದು ಬೇರೆ. ಇದೇ ಸಂಗತಿಯನ್ನು ನೇರವಾಗಿ ಕೇಳಿದ್ದರೆ ಈಕೆ ಹೇಳುತ್ತಿದ್ದರೇ? ಸಭೆ ಮಾಡಿ ಕಾನೂನಿನ ಅರಿವು ಮೂಡಿಸಲು ಬರುವವರ ಮುಂದೆ ಈ ಹೆಂಗಸರು ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇಲ್ಲಿ ಬಾಯಿ ಬಿಡಿಸಿದವಳು ವಿಷಯೆ. ಕತೆಯಲ್ಲಿ ತಪ್ಪು ಮಾಡಿದವರು ನಮ್ಮ ಅಣ್ಣತಮ್ಮಂದಿರಲ್ಲ, ದುಷ್ಟಬುದ್ಧಿ. ನಮ್ಮ ಹೊಲವಲ್ಲ, ಕುಂತಳ. ಅಷ್ಟು ದೂರವಿದ್ದುದರಿಂದಲೇ ಅದರ ಮರೆಯಲ್ಲಿ ನಿಂತು ನಮ್ಮ ಮಾತು ಆಡಬಹುದು. ಹಿತ್ತಲಲ್ಲಿ ಜೋಳ ಹಸನು ಮಾಡುತ್ತ ಅಜ್ಜಿಯ ಓರಿಗೆಯವರು ಮಾಡಿದ್ದೂ ಇದನ್ನೇ ಇರಬೇಕು.

ಇನ್ನೊಂದನ್ನು ಗಮನಿಸಿ. ನಮ್ಮ ಸೀಮೆಯ ಹೆಣ್ಣುಮಕ್ಕಳು ಸ್ಲೇಟು ಹಿಡಿಯುವುದಕ್ಕಿಂತ ಎಷ್ಟೋ ಮೊದಲೇ ಓದಬಲ್ಲ, ಬರೆಯಬಲ್ಲ ಒಬ್ಬ ಹುಡುಗಿ ಈ ಕಟ್ಟುಕತೆಯಲ್ಲಿದ್ದಳು. ಊರಲ್ಲಿ ಇಲ್ಲದವಳನ್ನು ಕತೆ ಕಾಪಾಡಿಕೊಂಡು ಬಂತು. 2011ರ ಜನಗಣತಿಯಲ್ಲೂ ರಾಯಚೂರು ಜಿಲ್ಲೆಯಲ್ಲಿ ಅಕ್ಷರ ಬಲ್ಲ ಹೆಣ್ಣುಮಕ್ಕಳು ಅರ್ಧಕ್ಕಿಂತ ಕಡಿಮೆ. ಆ ಲೆಕ್ಕದಲ್ಲಿ ಸೇರದೆ ಉಳಿದವರೂ ವಿಷಯೆಯ ಕತೆ ಬಲ್ಲವರೇ. ಹಾಗಿರುವಾಗ ಕಟ್ಟುಕತೆಯಿಂದ ಪ್ರಯೋಜನವಿಲ್ಲ ಎಂದು ಹೇಗೆ ಹೇಳಲಿ?

ಅಂದು ಏಳುವ ಮುಂಚೆ ಆಕೆ, 'ವ'ಕ್ಕೂ 'ಯೆ'ಗೂ ವ್ಯತ್ಯಾಸ ಎಷ್ಟು ತೋರಿಸಿರಿ ಎಂದರು. ಹಳೆಯ ಪೇಪರಿನ ಅಂಚಿನಲ್ಲಿ ಎರಡನ್ನೂ ದೊಡ್ಡದಾಗಿ ಬರೆದುಕೊಟ್ಟೆ. ಬೆರಳಿನಿಂದ ಅದರ ಮೇಲೆ ತೀಡಿ ನೋಡಿದರು. ಮಗಳು ಈಗ ಅವರಿಗೆ ಅಕ್ಷರ ಕಲಿಸುತ್ತಿದ್ದಾಳೆ.

ಅಲ್ಲಿಂದ ನಮ್ಮ ಬಳಗದಲ್ಲಿ ಒಂದು ರೂಢಿ ಬೆಳೆದಿದೆ. ಕತೆಗೆ ಮೊದಲು, ಯಾರ ಮನೆಗೆ ಏನೇ ಕಾಗದ ಬಂದಿದ್ದರೂ ತರಬಹುದು: ಸಂಘದ ಸಾಲದ್ದು, ಪಂಚಾಯ್ತಿಯದು, ತವರಿನಿಂದ ಬಂದದ್ದು. ಓದು ಬಲ್ಲವರು ಎಲ್ಲರಿಗೂ ಕೇಳುವಂತೆ ಅದನ್ನು ಕೊನೆಯ ಸಾಲಿನವರೆಗೂ ಓದುತ್ತಾರೆ. ಬೇತಾಳ ಸ್ವಲ್ಪ ಕಾಯುತ್ತಾನೆ. ಅವನಿಗೇನೂ ಅವಸರವಿಲ್ಲ.